ಗುತ್ಯಪ್ಪನ ಬಿಲ್ಲೆ

ಹಾರ ಹಾಕುವಾಗ ಗುತ್ಯಪ್ಪನ ಕೈ ನಡುಗುತ್ತಿತ್ತು. ಜಯಪ್ಪ ತಲೆ ತಗ್ಗಿಸಿದ. ಸಭೆಯಲ್ಲಿ ಕುಳಿತವರು ಅದನ್ನು ವಿನಯ ಎಂದುಕೊಂಡು ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು.

ಹೆಬ್ಬಯಲು ಪವರ್ ಹೌಸಿನ ಕಾಲೊನಿ ಕ್ಲಬ್ಬಿನಲ್ಲಿ ಆ ಸಂಜೆ ಕಾಲಿಡಲು ಜಾಗವಿರಲಿಲ್ಲ. ಸಾಗರದಿಂದ ಮೈಕಿನವರನ್ನು ಕರೆಸಿದ್ದರು. ಎರಡನೇ ನಂಬರ್ ಯಂತ್ರಕ್ಕೆ ಬೆಂಕಿ ಬಿದ್ದ ದಿನ, ಗ್ಯಾಸು ತುಂಬಿದ ಹೊಂಡಕ್ಕೆ ಇಳಿದು ಒಬ್ಬ ಕೆಲಸಗಾರನನ್ನು ಹೆಗಲ ಮೇಲೆ ಹೊತ್ತು ತಂದ ಫೈರ್ ಇಂಜಿನಿಯರ್ ಜಯಪ್ಪನಿಗೆ ಸನ್ಮಾನ. ಬದುಕಿ ಉಳಿದವನ ಕೈಯಿಂದಲೇ ಹಾರ ಹಾಕಿಸಿದರೆ ಚೆನ್ನ ಎಂದು ಚೀಫ್ ಇಂಜಿನಿಯರ್ ಸಾಹೇಬರು ಹೊಸನಗರಕ್ಕೆ ಜೀಪು ಕಳಿಸಿ ಗುತ್ಯಪ್ಪನನ್ನು ಕರೆಸಿದ್ದರು.

ಗುತ್ಯಪ್ಪ ಮೈಕಿನ ಮುಂದೆ ನಿಂತ. ಟರ್ಬೈನಿನ ಅಬ್ಬರದ ನಡುವೆಯೂ ಕೇಳುವ ಹಾಗೆ ಕೂಗುತ್ತಿದ್ದ ಗಂಟಲು ಅದು. ಈಗ ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕಿತ್ತು.

"ತಪ್ಪು ನಂದೇ ಮಾರಾಯ್ರೆ," ಎಂದ. "ಹೊಂಡಕ್ಕೆ ಇಳಿಯೋನು ಬಿಲ್ಲೆ ಕೊಟ್ಟು ಇಳೀಬೇಕು. ಆವತ್ತು ನಾನು ಮರ್ತೆ ಕಾಣ್ತದೆ. ಆ ದಿನದ್ದು ಎಂತದೂ ನೆನಪಿಲ್ಲ ನಂಗೆ. ಬಿಲ್ಲೆ ಇಲ್ಲದ್ದು ನೋಡಿ ಇವ್ರು ಗ್ಯಾಸ್ ಬಿಟ್ರು. ಇವ್ರದ್ದು ಎಂತ ತಪ್ಪು? ಆಮೇಲೆ ಇವ್ರೇ ಇಳ್ದು ಬಂದು ಎತ್ಕಂಡು ಹೋದ್ರು. ಈ ಉಸಿರು ಇವ್ರು ಕೊಟ್ಟಿದ್ದು."

ಮತ್ತೆ ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಗುತ್ಯಪ್ಪನ ಮಗಳು ಹೂವಮ್ಮ ಅಪ್ಪನ ಮೊಣಕೈ ಹಿಡಿದುಕೊಂಡು ನಿಂತಿದ್ದಳು. ಜಯಪ್ಪ ಒಂದೇ ಒಂದು ಸಲ ಅವಳತ್ತ ನೋಡಿದ. ಅವಳು ನೋಡಲಿಲ್ಲ. ಅವಳ ಕಣ್ಣು ಅಪ್ಪನ ಚಪ್ಪಲಿಯ ಮೇಲಿತ್ತು, ಕೆಳತುಟಿಯನ್ನು ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿ ಹಿಡಿದಿದ್ದಳು. ಅಷ್ಟು ದೊಡ್ಡ ಸಭೆಯಲ್ಲಿ ನಿಜ ಗೊತ್ತಿದ್ದದ್ದು ಅವರಿಬ್ಬರಿಗೆ ಮಾತ್ರ. ಗುತ್ಯಪ್ಪ ಬಿಲ್ಲೆ ಮರೆತಿರಲಿಲ್ಲ.

ಕೊರಳಿನ ಸುಗಂಧರಾಜದ ಹಾರ ಜಯಪ್ಪನಿಗೆ ಒದ್ದೆ ಗೋಣಿಯ ಹಾಗೆ ಭಾರವಾಗಿತ್ತು. ಅದನ್ನು ಕಿತ್ತು ಎಸೆದು, 'ನಿಲ್ಲಿಸಿ, ಇದೆಲ್ಲ ಸುಳ್ಳು' ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಕೈ ಮುಗಿದು, ನಕ್ಕು, ಫೋಟೋಕ್ಕೆ ನಿಂತ.

*

ಬಿಲ್ಲೆ ಅಂದರೆ ಹಿತ್ತಾಳೆಯ ಚಿಕ್ಕ ತಗಡು, ಮೇಲೆ ಹೆಸರು ಕೆತ್ತಿದ್ದು. ವಿದ್ಯುತ್ ಯಂತ್ರಕ್ಕೆ ಬೆಂಕಿ ಬಿದ್ದರೆ ಅದರ ಮೇಲೆ ಗ್ಯಾಸು ಬಿಟ್ಟು ಬೆಂಕಿಯ ಉಸಿರು ಕಟ್ಟಿಸುತ್ತಾರೆ. ಆ ಗ್ಯಾಸು ಮನುಷ್ಯನ ಉಸಿರನ್ನೂ ಕಟ್ಟಿಸುತ್ತದೆ. ಗಾಳಿಗಿಂತ ಭಾರ ಇರುವುದರಿಂದ ಯಂತ್ರದ ಕೆಳಗಿನ ಹೊಂಡಕ್ಕೆ ಇಳಿದು ಅಲ್ಲೇ ನಿಂತುಬಿಡುತ್ತದೆ. ಹೊಂಡದಲ್ಲಿ ಎಣ್ಣೆ ಒರೆಸುವವರಿಗೆ ಯಂತ್ರದ ಸದ್ದಿನಲ್ಲಿ ಸೈರನ್ನೂ ಕೇಳಿಸದು. ಅದಕ್ಕೇ, ಕೆಳಗೆ ಇಳಿಯುವವನು ಗ್ಯಾಸ್ ರೂಮಿನ ಬೋರ್ಡಿನ ಕೊಕ್ಕೆಗೆ ತನ್ನ ಬಿಲ್ಲೆಯನ್ನು ತಾನೇ ತೂಗುಹಾಕಿ ಇಳಿಯಬೇಕು. ಬೋರ್ಡಿನಲ್ಲಿ ಒಂದು ಬಿಲ್ಲೆ ಇದ್ದರೂ ಗ್ಯಾಸಿನ ಹಿಡಿ ಎಳೆಯಬಾರದು. ನಾಗಪುರದಲ್ಲಿ ಬೆಂಕಿಯ ವಿದ್ಯೆ ಕಲಿತು ಬಂದು ಈ ನಿಯಮ ಮಾಡಿದವನೇ ಜಯಪ್ಪ.

ಎಲ್ಲರೂ ಒಪ್ಪಿದರು, ಗುತ್ಯಪ್ಪನೊಬ್ಬನನ್ನು ಬಿಟ್ಟು.

"ಗೋಡೆ ಮೇಲೆ ತೂಗೋದು ಸತ್ತೋರ ಹೆಸ್ರು ಸಾಹೇಬ್ರೆ. ಬದ್ಕಿರೋ ನಾನು ಯಾಕೆ ತೂಗ್ಲಿ? ಮನೆಯಿಂದ ಹೊರಡೋ ಗಂಡ್ಸು ಹೆಣ್ಮಕ್ಕಳ ಕೈಗೆ ಒಂದು ಸಾಮಾನು ಕೊಟ್ಟು ಹೊರಡ್ತಾನೆ. ತಿರುಗಿ ಬಂದು ಇಸ್ಕಳಾಕೆ. ನಮ್ ಕಡೆ ಹಂಗೆ."

ಅವನ ಮಗಳು ಹೂವಮ್ಮ ಪವರ್ ಹೌಸಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಗ್ಯಾಸ್ ರೂಮಿನಿಂದ ಓಣಿ ದಾಟಿದರೆ ಅವಳ ಕೋಣೆ. ಗುತ್ಯಪ್ಪ ಪ್ರತಿದಿನ ಬಿಲ್ಲೆಯನ್ನು ಮಗಳ ಕೈಗೆ ಕೊಟ್ಟು ಹೊಂಡಕ್ಕೆ ಇಳಿಯತೊಡಗಿದ. ವಿಷಯ ತಿಳಿದ ಜಯಪ್ಪ ಉರಿದುಬಿದ್ದು ಎಕ್ಸ್‌ಚೇಂಜಿನ ಬಾಗಿಲು ತಳ್ಳಿದ.

ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದ ಹುಡುಗಿ ತಿರುಗಿ ನೋಡದೆ ಒಂದು ಬೆರಳೆತ್ತಿದಳು. ಇರಿ ಎಂದರ್ಥ. ಜಯಪ್ಪ ಇದ್ದ. ಅವಳ ಕೈ ಪ್ಲಗ್ಗುಗಳನ್ನು ಕಿತ್ತು, ಚುಚ್ಚಿ, ಮತ್ತೆ ಕಿತ್ತು, ಕಡೆಗೆ ಸುಮ್ಮನಾಯಿತು.

"ಹೇಳಿ ಸಾರ್. ಯಾವ ನಂಬರ್ ಬೇಕು?"

"ನಂಬರಲ್ಲ, ನಿಮ್ಮ ತಂದೆಯ ಬಿಲ್ಲೆ ಬೇಕು."

"ಅಪ್ಪಯ್ಯ ಬಂದ್ರೆ ಅಪ್ಪಯ್ಯನಿಗೆ ಕೊಡ್ತೀನಿ. ನಿಮಗೆ ಕೊಡು ಅಂತ ಹೇಳಿಲ್ಲ."

"ನಾನು ಫೈರ್ ಇಂಜಿನಿಯರ್!"

"ಎಲ್ಲಾದ್ರೂ ಬೆಂಕಿ ಬಿದ್ದಿದ್ಯಾ?"

"ಇಲ್ಲ."

"ಮತ್ತೆ ಯಾಕೆ ಇಷ್ಟು ಬಿಸಿ?" ಎಂದಳು. ಹೇಳಿದ್ದು ಗಂಭೀರವಾಗಿಯೇ. ಆದರೆ ಕಣ್ಣಿನ ತುದಿ ಮಾತ್ರ ನಕ್ಕು, ಸಿಕ್ಕಿಬಿದ್ದು, ತಕ್ಷಣ ಸ್ವಿಚ್‌ಬೋರ್ಡಿನ ಕಡೆ ಓಡಿಹೋಯಿತು.

ಜಯಪ್ಪನ ಸಿಟ್ಟು ಅಲ್ಲಿಗೆ ಮುಗಿಯಿತು. ಅವನ ಬುದ್ಧಿಯೂ ಅಲ್ಲಿಗೇ ಮುಗಿಯಿತು ಎನ್ನಬೇಕು.

ಅವರಿಬ್ಬರೂ ಒಂದು ರಾಜಿ ಮಾಡಿಕೊಂಡರು. ಗುತ್ಯಪ್ಪ ಮಗಳ ಕೈಗೆ ಬಿಲ್ಲೆ ಕೊಟ್ಟು ಹೋಗಲಿ. ಜಯಪ್ಪನೇ ಬಂದು ಅದನ್ನು ತೆಗೆದುಕೊಂಡು ಹೋಗಿ ಬೋರ್ಡಿಗೆ ತೂಗುಹಾಕುತ್ತಾನೆ. ಗುತ್ಯಪ್ಪ ಮೇಲೆ ಬಂದ ಮೇಲೆ ಜಯಪ್ಪನೇ ತಂದು ಹೂವಮ್ಮನಿಗೆ ಒಪ್ಪಿಸುತ್ತಾನೆ. ಬಿಲ್ಲೆ ಇನ್ನೊಬ್ಬರ ಕೈ ಸೇರಕೂಡದು ಎಂದು ಬರೆದವನೇ ಅದನ್ನು ದಿನವೂ ಇನ್ನೊಬ್ಬರ ಕೈಯಿಂದ ಇಸಿದುಕೊಂಡ. ಗುತ್ಯಪ್ಪನನ್ನು ಗದರಿಸಿ ದಾರಿಗೆ ತರಬಹುದಿತ್ತು. ತಂದಿದ್ದರೆ ಎಕ್ಸ್‌ಚೇಂಜಿಗೆ ಹೋಗಲು ನೆಪ ಎಲ್ಲಿ ಉಳಿಯುತ್ತಿತ್ತು?

ಹೂವಮ್ಮ ಬಿಲ್ಲೆಯನ್ನು ಅವನ ಅಂಗೈಗೆ ಎತ್ತರದಿಂದ ಬೀಳಿಸುತ್ತಿದ್ದಳು, ಬೆರಳು ತಾಗಬಾರದೆಂದು. ದಿನ ಕಳೆದಂತೆ ಎತ್ತರ ಕಡಿಮೆಯಾಯಿತು. ಒಂದು ದಿನ ಅವಳು ಕೊಟ್ಟ ಬಿಲ್ಲೆ ಬಿಸಿಯಾಗಿತ್ತು. ಅವನು ಬರುವುದು ತಡವಾಗಿ, ಅಷ್ಟು ಹೊತ್ತೂ ಅವಳು ಅದನ್ನು ಮುಷ್ಟಿಯಲ್ಲೇ ಇಟ್ಟುಕೊಂಡಿದ್ದಳೆಂದು ಅವನಿಗೆ ಗೊತ್ತಾಯಿತು. ಗೊತ್ತಾಯಿತೆಂದು ಅವಳಿಗೂ ಗೊತ್ತಾಗಿ ಕಿವಿಯವರೆಗೆ ಕೆಂಪಾದಳು.

ಕೆಲಸವಿಲ್ಲದಾಗ ಅವನು ಗ್ಯಾಸ್ ರೂಮಿನ ಫೋನೆತ್ತುತ್ತಿದ್ದ.

"ಎಕ್ಸ್‌ಚೇಂಜ್. ಯಾರು ಬೇಕು?"

"ಯಾರೂ ಬೇಡ. ಲೈನ್ ಸರಿ ಇದ್ಯಾ ಅಂತ ನೋಡಿದೆ."

"ಬೆಳಗ್ಗೆಯಿಂದ ಸರಿಯಾಗೇ ಇದೆ ಸಾರ್. ನೀವು ನೋಡಿದಾಗೆಲ್ಲಾ ಸರಿ ಇದೆ."

"ಇಡ್ಲಾ ಹಂಗಾದ್ರೆ?"

ಆ ಕಡೆ ಯಾವುದೋ ಪ್ಲಗ್ಗು ಕಿತ್ತ ಸದ್ದಾಯಿತು. ಆಮೇಲೆ, "ಇನ್ನೂ ಸ್ವಲ್ಪ ನೋಡಿ. ಮಧ್ಯದಲ್ಲಿ ಕೆಟ್ಟಿರ್ಬಹುದು."

*

ಎಲ್ಲ ಹಾಳಾದದ್ದು ಒಂದು ಸಣ್ಣ ಮುನಿಸಿನಿಂದ.

ತೀರ್ಥಹಳ್ಳಿಯಿಂದ ಒಂದು ಮನೆಯವರು ಹೂವಮ್ಮನನ್ನು ನೋಡಲು ಬಂದಿದ್ದರಂತೆ, ಹುಡುಗ ಹೈಸ್ಕೂಲು ಮೇಷ್ಟ್ರಂತೆ, ಅವಲಕ್ಕಿ ಕಾಫಿ ಎಲ್ಲ ಆಯಿತಂತೆ. ಜಯಪ್ಪನಿಗೆ ಇದು ತಿಳಿದದ್ದು ಕ್ಯಾಂಟೀನಿನಲ್ಲಿ, ಬೇರೆಯವರ ಬಾಯಿಂದ. ಹೂವಮ್ಮ ಒಂದು ಮಾತೂ ಹೇಳಿರಲಿಲ್ಲ. ಅವನಿಗೆ ಉಣ್ಣಲಾಗಲಿಲ್ಲ. ಹೇಳುವುದಕ್ಕೆ ತಾನು ಅವಳಿಗೆ ಯಾರು ಎಂದು ತನ್ನನ್ನೇ ಕೇಳಿಕೊಂಡ. ಕೇಳಿಕೊಂಡಷ್ಟೂ ಸಿಟ್ಟು ಬಂತು.

ಮರುದಿನ ಅವನು ಬಿಲ್ಲೆ ತರಲು ಹೋಗಲಿಲ್ಲ. ಬೇಕಾದರೆ ಅವಳೇ ಫೋನು ಮಾಡಿ ಕರೆಯಲಿ, ಆಗ ಹೋದರಾಯಿತು ಎಂದು ಗ್ಯಾಸ್ ರೂಮಿನಲ್ಲಿ ಬೆನ್ನು ತಿರುಗಿಸಿ ಕುಳಿತ. ಮನಸ್ಸೆಲ್ಲ ಫೋನಿನ ಗಂಟೆಯ ಮೇಲಿತ್ತು. ಗುತ್ಯಪ್ಪ ಕೆಳಗೆ ಇಳಿದಿರಬಹುದು ಎಂಬುದು ತಲೆಗೇ ಬರಲಿಲ್ಲ. ಪ್ರೀತಿಯಲ್ಲಿ ಮುನಿಸಿಕೊಂಡವನಿಗೆ ಲೋಕದಲ್ಲಿ ಇಬ್ಬರೇ ಇರುತ್ತಾರೆ, ಮೂರನೆಯವನು ಸಾಯುತ್ತಿದ್ದರೂ ಕಾಣುವುದಿಲ್ಲ.

ಆಗ ಸೈರನ್ ಕೂಗಿತು. ಎರಡನೇ ಯಂತ್ರದಿಂದ ಹೊಗೆ. ಜನ ಓಡುತ್ತಿದ್ದರು. ಜಯಪ್ಪ ಕಲಿತಂತೆಯೇ ಮಾಡಿದ. ಬೋರ್ಡು ನೋಡಿದ. ಕೊಕ್ಕೆಗಳೆಲ್ಲ ಖಾಲಿ. ಹಿಡಿ ಎಳೆದ. ಸಿಲಿಂಡರುಗಳು ಭೋರೆಂದು ಗ್ಯಾಸು ಕಕ್ಕಿದವು.

ಬಾಗಿಲಲ್ಲಿ ಹೂವಮ್ಮ ಬಂದು ನಿಂತಳು. ಓಡಿ ಬಂದಿದ್ದಳು, ಹೆಡ್‌ಫೋನಿನ ವೈರು ಕುತ್ತಿಗೆಯಲ್ಲಿ ಜೋತಾಡುತ್ತಿತ್ತು. ಅಂಗೈ ಬಿಚ್ಚಿ ತೋರಿಸಿದಳು. ಗುತ್ಯಪ್ಪನ ಬಿಲ್ಲೆ.

ಜಯಪ್ಪ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಇಳಿದ. ಗುತ್ಯಪ್ಪ ಏಣಿಯ ಬುಡದಲ್ಲಿ ಬಿದ್ದಿದ್ದ, ಒಂದು ಕೈ ಕೆಳಗಿನ ಮೆಟ್ಟಿಲನ್ನು ಹಿಡಿದೇ ಇತ್ತು. ಆ ಬೆರಳುಗಳನ್ನು ಬಿಡಿಸಿದ್ದು ಜಯಪ್ಪನಿಗೆ ಆಮೇಲೆ ಎಷ್ಟೋ ಸಲ ನೆನಪಾಯಿತು. ಅಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದ.

ಜೀವ ಉಳಿಯಿತು. ಉಸಿರು ಅರ್ಧ ಹೋಯಿತು, ಕೈಗೆ ನಡುಕ ಬಂತು, ಆ ದಿನದ ನೆನಪು ಪೂರ್ತಿ ಅಳಿಸಿಹೋಯಿತು. ವಿಚಾರಣೆಯಲ್ಲಿ ಚೀಫ್ ಸಾಹೇಬರು ಜಯಪ್ಪನನ್ನು ಕೇಳಿದ್ದು ಒಂದೇ ಪ್ರಶ್ನೆ.

"ನೀನು ಗ್ಯಾಸ್ ಬಿಡುವಾಗ ಬೋರ್ಡಿನಲ್ಲಿ ಬಿಲ್ಲೆ ಇತ್ತೇನಯ್ಯಾ?"

"ಇರಲಿಲ್ಲ ಸಾರ್."

ನಿಜವನ್ನೇ ಹೇಳಿದ. ಆ ನಿಜ ಯಾವ ಸುಳ್ಳಿಗಿಂತಲೂ ಹೊಲಸಾಗಿತ್ತು. ಮುಂದಿನದನ್ನು ಹೇಳಲು ಬಾಯಿ ತೆರೆದ. ಸಾಹೇಬರು ಆಗಲೇ ಪೆನ್ನು ಮುಚ್ಚಿದ್ದರು. ಅವನು ಬಾಯಿ ಮುಚ್ಚಿಕೊಂಡ. ಬಿಲ್ಲೆ ಹಾಕದೆ ಇಳಿದದ್ದು ಗುತ್ಯಪ್ಪನ ತಪ್ಪು ಎಂದು ತೀರ್ಮಾನವಾಗಿ ಅವನ ಕೆಲಸ ಹೋಯಿತು. ಕ್ವಾರ್ಟರ್ಸ್ ಬಿಟ್ಟು ಸಂಸಾರ ಹೊಸನಗರಕ್ಕೆ ಹೋಯಿತು. ಅಪ್ಪನನ್ನು ನೋಡಿಕೊಳ್ಳಬೇಕೆಂದು ಹೂವಮ್ಮನೂ ಕೆಲಸ ಬಿಟ್ಟಳು.

ಅವಳು ತನ್ನನ್ನು ದ್ವೇಷಿಸುತ್ತಾಳೆ ಎಂದು ಜಯಪ್ಪನಿಗೆ ಖಾತ್ರಿಯಿತ್ತು. ದ್ವೇಷಿಸಲಿ ಎಂದೇ ಅವನ ಆಸೆ. ಆದರೂ ಅವಳ ನೆನಪಾದ ಕೂಡಲೇ ಮೊದಲು ಸಂತೋಷವಾಗುತ್ತಿತ್ತು. ಆ ಸಂತೋಷಕ್ಕೆ ನಾಚಿಕೆಯಾಗುತ್ತಿತ್ತು.

*

ಸನ್ಮಾನ ಮುಗಿದು ಜೀಪು ಹತ್ತುವ ಮೊದಲು ಗುತ್ಯಪ್ಪ ಅವನ ಕೈ ಹಿಡಿದುಕೊಂಡಿದ್ದ. "ಭಾನುವಾರ ಮನೆಗೆ ಬನ್ನಿ ಸಾಹೇಬ್ರೆ. ಒಂದು ಮಾತಾಡೋದುಂಟು."

ಸಾಗರದಿಂದ ಹೊಸನಗರಕ್ಕೆ ಬಸ್ಸಿನಲ್ಲಿ ಕುಳಿತವನು ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡ. ಊರು ಮುಟ್ಟುವಷ್ಟರಲ್ಲಿ ಒಂದು ಮಾತೂ ಉಳಿದಿರಲಿಲ್ಲ. ತಾಲ್ಲೂಕು ಕಚೇರಿಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬೇಸಿಗೆಯ ಬಿಸಿಲಿಗೆ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿದ್ದರು. ಗುತ್ಯಪ್ಪನ ಹೆಂಡತಿ ಮಾಸ್ತಮ್ಮ, "ಬಂದ್ರಾ? ನಮ್ಮನೆ ದೇವ್ರೇ ಬಂದಂಗಾತು," ಎಂದು ಕಾಲಿಗೆ ನೀರು ಕೊಟ್ಟಳು. ದೇವರು ಕಾಲು ತೊಳೆಯುವಾಗ ಚೆಂಬು ಜಾರಿ ಕೆಳಗೆ ಬಿತ್ತು.

ಒಳಗಿನಿಂದ ಕೋಳಿ ಸಾರಿನ ಘಮ ಬರುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಹೂವಮ್ಮನ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು.

ಗುತ್ಯಪ್ಪ ತಟ್ಟೆಯೊಂದನ್ನು ಮುಂದಿಟ್ಟ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಹೆಣ್ಣು ಕೊಡುವ ಮನೆಯಲ್ಲಿ ಇಡುವ ತಟ್ಟೆ. ಎಲೆ ಅಡಿಕೆ ಎತ್ತಿಕೊಂಡರೆ ಒಪ್ಪಿದಂತೆ.

"ಉಸಿರು ಕೊಟ್ಟೋರಿಗೆ ನಾನು ಎಂತ ಕೊಡ್ಲಿ? ನನ್ನ ಹತ್ರ ಇರೋದು ಇವಳೊಬ್ಳು. ನಿಮ್ಮ ಜಾತಿನೇ ನಮ್ದು, ನಿಮ್ಮಷ್ಟು ಓದಿಲ್ಲ ಅಷ್ಟೆ. ತಗಳಿ ಸಾಹೇಬ್ರೆ."

ಸೀರೆಯ ಅಂಚು ಅಲುಗಲಿಲ್ಲ.

ಜಯಪ್ಪ ಆ ತಟ್ಟೆಯನ್ನು ನೋಡಿದ. ಎಕ್ಸ್‌ಚೇಂಜಿನ ಬಾಗಿಲು ತಳ್ಳಿದ ದಿನದಿಂದ ಅವನು ಬಯಸಿದ್ದು ಇದನ್ನೇ. ಕೈ ಚಾಚಿದರೆ ಸಾಕಿತ್ತು. ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಮದುವೆಯಾಗಿ ಈ ಮುದುಕನನ್ನು ಚೆನ್ನಾಗಿ ನೋಡಿಕೊಂಡರೆ ಪಾಪ ತೀರೀತು ಎಂದು ಮನಸ್ಸು ಪಿಸುಗುಟ್ಟಿತು. ಅವನ ಕೈ ನಿಜವಾಗಿಯೂ ಅರ್ಧ ಮುಂದೆ ಹೋಯಿತು. ಅದೇ ಹೊತ್ತಿಗೆ ಗುತ್ಯಪ್ಪ ಉಸಿರು ಎಳೆದುಕೊಂಡ ಸದ್ದು ಕೇಳಿತು.

"ಇದನ್ನ ನಾನು ತಗೊಳ್ಳೋಕಾಗಲ್ಲ," ಎಂದ.

ಗುತ್ಯಪ್ಪನ ಮುಖ ಬಾಡಿತು. "ಯಾಕೆ? ಎಣ್ಣೆ ಒರ್ಸೋನ ಮಗ್ಳು ಅಂತನಾ?"

"ಅಯ್ಯೋ, ಅಲ್ಲ ಗುತ್ಯಪ್ಪನೋರೆ. ನೀವು ಆವತ್ತು ಬಿಲ್ಲೆ ಮರ್ತಿರ್ಲಿಲ್ಲ. ಕೊಟ್ಟೇ ಇಳಿದಿದ್ರಿ. ಅದನ್ನ ತಂದು ತೂಗುಹಾಕ್ಬೇಕಾದೋನು ನಾನು. ಸಿಟ್ಟು ಮಾಡ್ಕೊಂಡು ತರೋಕೆ ಹೋಗ್ಲಿಲ್ಲ. ಬೋರ್ಡು ಖಾಲಿ ಇದ್ದಿದ್ದು ನನ್ನಿಂದ. ಗ್ಯಾಸ್ ಬಿಟ್ಟಿದ್ದೂ ನಾನು. ಸಾಹೇಬ್ರು ಕೇಳಿದಾಗ ಸುಮ್ನಿದ್ದೋನೂ ನಾನೇ. ನಿಮಗೆ ಉಸಿರು ಕೊಟ್ಟಿಲ್ಲ ನಾನು, ಕಸ್ಕೊಂಡಿದ್ದೀನಿ."

ಮಾಸ್ತಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತಿದ್ದಳು.

"ಅರ್ಧ ಹೇಳಿದ್ರು," ಎಂದು ಹೂವಮ್ಮ ಹೊರಗೆ ಬಂದಳು. ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. "ಬಿಲ್ಲೆ ನನ್ನ ಮುಷ್ಟೀಲಿ ಇತ್ತು ಅಪ್ಪಯ್ಯ. ಫೋನ್ ಮಾಡಿ ಕರೀಬಹುದಿತ್ತು. ಪ್ಲಗ್ ಹಾಕಿದ್ದೆ, ತಿರುಗಿ ಕಿತ್ತೆ. ಇವ್ರೇ ಬರ್ಲಿ, ಬಂದು ಕೇಳ್ಲಿ ಅಂತ ಹಟ ಮಾಡ್ಕಂಡು ಕೂತಿದ್ದೆ."

"ಎಂತ ಕೇಳ್ಲಿ ಅಂತ?" ಎಂದ ಗುತ್ಯಪ್ಪ.

"ತೀರ್ಥಹಳ್ಳಿಯೋರು ನೋಡಿ ಹೋದ್ರಲ್ಲ, ನೀನು ಒಪ್ಪಿದ್ಯಾ ಅಂತ."

ಗುತ್ಯಪ್ಪ ಮಗಳನ್ನು ನೋಡಿದ, ಜಯಪ್ಪನನ್ನು ನೋಡಿದ, ಮತ್ತೆ ಮಗಳನ್ನು ನೋಡಿದ.

"ಹಂಗಾದ್ರೆ ನಾನು ಮರ್ತಿರ್ಲಿಲ್ವಾ?"

"ಇಲ್ಲ ಅಪ್ಪಯ್ಯ."

"ತಲೆ ಕೆಟ್ಟೋಯ್ತು ಅಂತ ತಿಳ್ಕಂಡಿದ್ದೆ. ಇಷ್ಟು ವರ್ಷ ಮರೀದೆ ಇದ್ದೋನು ಅದೊಂದು ದಿನ ಹೆಂಗೆ ಮರ್ತೆ ಅಂತ... ಈ ಕೈಲೇ ಈ ತಲೆಗೆ ಹೊಡ್ಕಂಡಿದೀನಿ. ನಿನ್ನ ಎದ್ರಿಗೇ ಹೊಡ್ಕಂಡಿದೀನಿ ಹೂವಿ. ನೀನು ನೋಡ್ತಾ ಕೂತಿದ್ದೆ."

ಹೂವಮ್ಮ ಅಳುತ್ತಿದ್ದಳು. ಗುತ್ಯಪ್ಪ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. ನಡುಗುವ ಕೈಯಿಂದ ಎಲೆಗಳು ಚೆಲ್ಲಿದವು.

"ಏಳು," ಎಂದ ಜಯಪ್ಪನಿಗೆ. ಬಹುವಚನ ಹೋಗಿತ್ತು. "ನಾಕು ಜನದೆದ್ರು ನಂದೇ ತಪ್ಪು ಅಂತ ಮೈಕಲ್ಲಿ ಹೇಳಿಸ್ದೆ. ಹಾರ ಬೇರೆ ಹಾಕಿಸ್ಕಂಡೆ. ಹೋಗು. ಅದೇ ಜನದೆದ್ರು ನಿಂತು ಇದನ್ನ ಹೇಳು. ಹೇಳಿದ್ರೂ ನನ್ನ ಸಿಟ್ಟು ಇಳಿಯೋದಲ್ಲ. ಆಮೇಲೆ ಈ ಮೆಟ್ಲು ಹತ್ತೋದಾದ್ರೆ ಬೈಸ್ಕಳಾಕೆ ಹತ್ತು. ಭಾನುವಾರ ಭಾನುವಾರ ಬಂದು ಬೈಸ್ಕಂಡು ಹೋಗು."

ಅಷ್ಟು ಮಾತಾಡಿ ಅವನಿಗೆ ಕೆಮ್ಮು ಹತ್ತಿತು. ಮಾಸ್ತಮ್ಮ ಬೆನ್ನು ತಿಕ್ಕಿದಳು. ಜಯಪ್ಪ ಹತ್ತಿರ ಹೋಗಲು ಧೈರ್ಯ ಸಾಲದೆ ಚಪ್ಪಲಿ ಮೆಟ್ಟಿ ಹೊರಟ.

*

ಬಸ್ ನಿಲ್ದಾಣದ ಹತ್ತಿರ ಹೂವಮ್ಮ ಅವನನ್ನು ಕೂಡಿಕೊಂಡಳು. ಬಿಸಿಲಲ್ಲಿ ಓಡಿ ಬಂದು ಹಣೆಯ ಕುಂಕುಮ ಕರಗಿತ್ತು.

"ನನ್ನ ವಿಷಯ ಯಾಕೆ ಬಿಟ್ಟು ಹೇಳಿದ್ರಿ?"

"ನಿಮ್ಮದು ಅದರಲ್ಲಿ ಏನೂ ತಪ್ಪಿಲ್ಲ."

"ನಿಮ್ಮ ತಪ್ಪು ನೀವು ಇಟ್ಕಳಿ ಸಾರ್. ನಂದು ನನಗೆ ಬಿಡಿ. ಎರಡನ್ನೂ ನೀವೇ ಹೊತ್ಕಂಡ್ರೆ ನಾನು ಎಂತ ಮಾಡ್ಲಿ?" ಎಂದವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಪ್ಪಯ್ಯ ಉಸಿರು ಎಳ್ಕಂಡಾಗೆಲ್ಲಾ ನಿಮ್ಮ ನೆನಪಾಗ್ತದೆ. ನಿಮ್ಮನ್ನ ನೆನೆಸ್ಕಂಡ್ರೆ ಆ ಸದ್ದು ಕೇಳ್ತದೆ. ಎರಡೂ ಬಿಡಿಸೋಕೆ ಬರೋದಿಲ್ಲ ನಂಗೆ."

"ನನಗೂ ಬರಲ್ಲ."

ಬಸ್ಸು ಇನ್ನೂ ಬಂದಿರಲಿಲ್ಲ. ನಿಲ್ದಾಣದ ಕಲ್ಲಿನ ಮೇಲೆ ಇಬ್ಬರೂ ಒಂದಾಳು ಜಾಗ ಬಿಟ್ಟು ಕುಳಿತರು. ಹೂವಿನ ಬುಟ್ಟಿಯವಳೊಬ್ಬಳು ಆ ಜಾಗದಲ್ಲಿ ಕೂರಲು ಬಂದು, ಇವರ ಮುಖ ನೋಡಿ ಆಚೆ ಹೋದಳು.

"ಆ ಮೇಷ್ಟ್ರು?" ಎಂದು ಜಯಪ್ಪ ಕಡೆಗೆ ಕೇಳಿದ. ಕೇಳಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಕೇಳದಿರಲೂ ಆಗಲಿಲ್ಲ.

"ಅವರಿದ್ದಾಗ್ಲೇ ಬೇಡ ಅಂದಿದ್ದೆ. ಅದನ್ನ ಹೇಳೋಕೇ ಕಾಯ್ತಿದ್ದೆ."

"ಯಾಕೆ ಬೇಡ ಅಂದ್ರಿ?"

ಹೂವಮ್ಮ ಅವನನ್ನು ನೇರವಾಗಿ ನೋಡಿದಳು. ಎಷ್ಟೋ ದಿನಗಳ ಮೇಲೆ ನೋಡಿದಳು. ಅತ್ತು ಊದಿಕೊಂಡ ಕಣ್ಣಿನಲ್ಲಿ ಹಳೆಯ ತುಂಟತನ ಒಂದು ಕ್ಷಣ ಇಣುಕಿ, ತಾನು ಇಣುಕಬಾರದಿತ್ತು ಎಂಬಂತೆ ಮರೆಯಾಯಿತು.

"ಇದನ್ನೂ ನಾನೇ ಹೇಳ್ಬೇಕಾ?"

"ಬೇಡ, ನಾನು ಹೇಳ್ತೀನಿ. ನನಗೆ ನೀನು ಬೇಕು ಹೂವಮ್ಮ. ಬೇಕು ಅನ್ನೋಕೆ ನನಗೆ ಮುಖ ಇಲ್ಲ. ಆದರೂ ಬೇಕು."

ಅವಳು ಉತ್ತರ ಕೊಡುವಷ್ಟರಲ್ಲಿ ಸಾಗರದ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಅವನು ಹತ್ತಿದ. ಅವಳು ಕಿಟಕಿಯ ಕೆಳಗೆ ಬಂದು ನಿಂತಳು.

"ಕ್ಲಬ್ಬಲ್ಲಿ ಹೇಳೋ ದಿನ ನಾನೂ ಬರ್ತೀನಿ. ನನ್ನ ಪಾಲಿಂದು ನಾನು ಹೇಳ್ತೀನಿ." ಬಸ್ಸು ಹೊರಟಾಗ ಎರಡು ಹೆಜ್ಜೆ ಜೊತೆಗೇ ನಡೆದಳು. "ನಂಗೂ ಬೇಕು," ಎಂದಳು. ಕಂಡಕ್ಟರು ಕೇಳಿಸಿಕೊಂಡು ನಕ್ಕ. ಜಯಪ್ಪನಿಗೆ ನಗು ಬರಲಿಲ್ಲ. ಎದೆ ತುಂಬಿ ಬಂದದ್ದು ಸುಖವೋ ಸಂಕಟವೋ ಅವನಿಗೆ ತಿಳಿಯಲಿಲ್ಲ.

*

ಕ್ಲಬ್ಬಿನಲ್ಲಿ ಇಬ್ಬರೂ ಹೇಳಿದರು. ಮೊದಲು ಅವನು, ಆಮೇಲೆ ಅವಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಣ್ಣೊರೆಸಿಕೊಂಡಿದ್ದ ಹೆಂಗಸರೇ ಎದ್ದು ಹೋದರು. ಚೀಫ್ ಸಾಹೇಬರು ಜಯಪ್ಪನನ್ನು ಬೆಂಕಿಯ ಕೆಲಸದಿಂದ ತೆಗೆದು ಉಗ್ರಾಣದ ಪಕ್ಕದ ಪಂಪ್ ಹೌಸಿಗೆ ಹಾಕಿದರು. ಗುತ್ಯಪ್ಪನ ತಪ್ಪಿಲ್ಲ ಎಂದು ಆದೇಶವಾಯಿತು. ಕೆಲಸಕ್ಕೂ ಕರೆದರು, ಆದರೆ ದುಡಿಯುವ ಮೈ ಅವನಿಗೆ ಉಳಿದಿರಲಿಲ್ಲ. ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರಲ್ಲ, ಜಯಪ್ಪನಿಗೆ ಹಾಗೇನೂ ಆಗಲಿಲ್ಲ.

ಅವನು ಭಾನುವಾರ ತಪ್ಪಿಸಲಿಲ್ಲ. ಹೊಸನಗರಕ್ಕೆ ಹೋಗಿ ಜಗಲಿಯ ತುದಿಯಲ್ಲಿ ಕೂರುತ್ತಿದ್ದ. ಗುತ್ಯಪ್ಪ ಬೈಯುತ್ತಿದ್ದ. ಓದಿದ್ದಕ್ಕೆ ಬೈದ, ನಾಗಪುರಕ್ಕೆ ಬೈದ, ಮಾಸ್ಕಿಗೆ ಬೈದ, ಅವನನ್ನು ಹೆತ್ತವರಿಗೂ ಬೈದು ಆಮೇಲೆ ಅದನ್ನು ವಾಪಸು ತೆಗೆದುಕೊಂಡ. ಜಯಪ್ಪ ಎದುರಾಡದೆ ಕೇಳಿಸಿಕೊಂಡು, ಮಾಸ್ತಮ್ಮ ಕೊಟ್ಟ ಕಾಫಿ ಕುಡಿದು, ಬಾಗಿಲಲ್ಲಿ ನಿಂತ ಹೂವಮ್ಮನನ್ನು ಒಮ್ಮೆ ನೋಡಿ ಬಸ್ಸು ಹತ್ತುತ್ತಿದ್ದ. ಬೈಸಿಕೊಂಡ ದಿನ ಮಾತ್ರ ಅವನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಮಳೆಗಾಲ ಬಂತು, ಹೋಯಿತು. ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಅವನು ಎಂದಿನಂತೆ ಜಗಲಿಯಲ್ಲಿ ಕುಳಿತ. ಗುತ್ಯಪ್ಪ ಭತ್ತದ ಕೊಯ್ಲಿನ ಮಾತಾಡಿದ. ಈ ಸಲ ಚಳಿ ಬೇಗ ಬಂತು ಎಂದ. ಆಮೇಲೆ ಕಂಬಕ್ಕೆ ಒರಗಿ ರಸ್ತೆ ನೋಡುತ್ತಾ ಕುಳಿತ. ಬಸ್ಸಿನ ಹೊತ್ತಾಯಿತು. ಜಯಪ್ಪನಿಗೆ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

"ಇವತ್ತು ಬೈಲಿಲ್ಲ ನೀವು," ಎಂದ.

ಗುತ್ಯಪ್ಪ ನಿಧಾನವಾಗಿ ಅವನ ಕಡೆ ತಿರುಗಿದ.

"ಉಸಿರು ಸಾಲೋದಿಲ್ಲ ಮಾರಾಯ," ಎಂದು ಬಾಗಿಲಲ್ಲಿ ನಿಂತ ಮಗಳತ್ತ ಕೈ ತೋರಿಸಿದ. "ಇನ್ಮೇಲೆ ಇವಳ ಹತ್ರ ಬೈಸ್ಕ. ಇವಳಿಗೆ ಉಸಿರು ಜಾಸ್ತಿ ಉಂಟು."

ಜಯಪ್ಪನಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ಅಷ್ಟು ದೊಡ್ಡ ಗಂಡಸು ಜಗಲಿಯ ಮೇಲೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಬಾಗಿಲಲ್ಲಿದ್ದ ಹೂವಮ್ಮ ಹೊರಗೆ ಬಂದಳು. ಮೊದಲು ಅಪ್ಪನ ಹೊದಿಕೆ ಸರಿಮಾಡಿದಳು. ಆಮೇಲೆ ಜಯಪ್ಪನ ಎದುರು ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಅವಳ ಕಣ್ಣೂ ತುಂಬಿತ್ತು.

"ಬೀದಿಯೋರೆಲ್ಲಾ ನೋಡ್ತಿದ್ದಾರೆ, ಅಳೋದು ಎಂತಕೆ? ಏಳಿ," ಎಂದು ಬೈದಳು. "ಕೈ ತೊಳ್ಕಂಡು ಬನ್ನಿ. ಕಡುಬು ಆರ್ತಾ ಇದೆ."